ಎಚ್ಚರವಿರಬೇಕಾದ ಲ್ಯಾಪ್‌ಟಾಪ್

ಗ್ರಂಥಾಲಯದ ಗುಮಾಸ್ತರಾದ ನಮ್ಮ ಯಜಮಾನರು ಎರಡು ವರ್ಷದಿಂದ ಮಧ್ಯಾಹ್ನ ರೆಪ್ಪೆ ಮುಚ್ಚಿರಲಿಲ್ಲ. ಅಲ್ಲಿನ ಲಿನಕ್ಸ್ ಲ್ಯಾಪ್‌ಟಾಪ್ ಒಮ್ಮೆ ನಿದ್ದೆಹೋಗಿ ಎದ್ದರೆ ನೆಟ್‌ವರ್ಕನ್ನೇ ಮರೆತುಬಿಡುತ್ತಿತ್ತು. ಅದು ತೂಕಡಿಸದಂತೆ ಇವರು ಐದೈದು ನಿಮಿಷಕ್ಕೊಮ್ಮೆ ಕೀಬೋರ್ಡ್ ತಟ್ಟುತ್ತ ಕೂರುತ್ತಿದ್ದರು. ಮನೆಯಲ್ಲಿ ನಾನು ಕರೆದಾಗ ಮಾತ್ರ ಈ ಚುರುಕು ಕಂಡವಳಲ್ಲ.

ಕೊನೆಗೆ ನನ್ನ ತಮ್ಮ ಹೋಗಿ, ಲ್ಯಾಪ್‌ಟಾಪ್ ಎದ್ದ ಕೂಡಲೇ ನೆಟ್‌ವರ್ಕ್ ತಾನಾಗಿ ಮತ್ತೆ ಶುರುವಾಗುವಂತೆ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದಿಟ್ಟ. "ಭಾವ, ಇನ್ನು ಬೇಕಾದಷ್ಟು ಮಲಗ್ಲಿ ಬಿಡಿ," ಎಂದ.

ಮರುದಿನ ಮಧ್ಯಾಹ್ನ ಮನೆಯ ಬೀಗದ ಕೈ ಕೇಳಲು ಹೋದೆ. ಮೇಜಿನ ಮೇಲೆ ಲ್ಯಾಪ್‌ಟಾಪ್ ಮಲಗಿತ್ತು. ಪಕ್ಕದಲ್ಲೇ ತಲೆಯಿಟ್ಟು ಇವರೂ ಗೊರಕೆ ಹೊಡೆಯುತ್ತಿದ್ದರು. ಕೀಬೋರ್ಡ್ ತಟ್ಟಿದೆ. ಅದು ಎದ್ದು ಕ್ಷಣದಲ್ಲೇ ನೆಟ್‌ವರ್ಕ್ ಹಿಡಿಯಿತು. ಇವರ ಭುಜ ತಟ್ಟಿದೆ. ಇವರೂ ಎದ್ದರು, ನನ್ನ ಮುಖವನ್ನೇ ದಿಟ್ಟಿಸಿದರು.

"ಯಾವ ಪುಸ್ತಕ ಬೇಕಿತ್ತಮ್ಮ?"