ಅಮೇಲಿಯಾ ಅಜ್ಜಿಯ ನಾಟಿಯ ಸಾಲು

ಮೇ ಕೊನೆಯ ವಾರ ಶ್ರೀರಾಮನಗರದಿಂದ ಹೊರಟಾಗ ಕಾಲುವೆಗೆ ಇನ್ನೂ ನೀರು ಬಿಟ್ಟಿರಲಿಲ್ಲ, ನಮ್ಮ ಗದ್ದೆಗಳು ಬಿರುಕು ಬಿಟ್ಟಿದ್ದವು. ಗಂಗಾವತಿಯಿಂದ ಹೈದರಾಬಾದಿಗೆ ಬಸ್ಸು, ಅಲ್ಲಿಂದ ಎರಡು ವಿಮಾನ ಹತ್ತಿ ಲಿಸ್ಬನ್ ಸೇರಿದೆ. ಪೋರ್ಚುಗಲ್ಲಿನ ಆಲ್ಕಾಸರ್ ಎಂಬ ಸಣ್ಣ ಊರಿನಲ್ಲಿ ನನ್ನ ತಂಗಿಯ ಮಗಳು ರೇಣುಕಾ ವೃದ್ಧರ ಆರೈಕೆಯ ಕೆಲಸ ಮಾಡುತ್ತಾಳೆ. ಶಾಲೆಯ ನೌಕರಿಯಿಂದ ನಿವೃತ್ತಳಾದ ನನ್ನನ್ನು ಹದಿನೈದು ದಿನಕ್ಕೆಂದು ಕರೆಸಿಕೊಂಡಿದ್ದಳು.

ಲಿಸ್ಬನ್ನಿನಿಂದ ಬಸ್ಸಿನಲ್ಲಿ ಒಂದೂವರೆ ತಾಸಿನ ಹಾದಿ. ಊರು ಸಮೀಪಿಸಿದಾಗ ಹೊಳೆಯ ಬದಿಯಲ್ಲಿ ನೀರು ನಿಲ್ಲಿಸಿದ ಭತ್ತದ ಗದ್ದೆಗಳು ಕಂಡವು. ಅಷ್ಟು ದೂರ ಹೋಗಿ ಇದನ್ನೇ ನೋಡುವೆನೆಂದುಕೊಂಡಿರಲಿಲ್ಲ.

ಮರುದಿನ ರೇಣುಕಾಳ ಜೊತೆ ವೃದ್ಧರ ಕೇಂದ್ರಕ್ಕೆ ಹೋದೆ. ಮುದುಕರು ಇಸ್ಪೀಟು ಆಡುತ್ತಿದ್ದರು. ಮಧ್ಯಾಹ್ನ ನನಗೆ ಕೋಸಿನ ಸಾರು, ಬ್ರೆಡ್ಡು ಕೊಟ್ಟರು. ಊಟವಾದ ಮೇಲೆ ಎಲ್ಲರೂ ಹಳೆಯ ಮಾತು ತೆಗೆದರು. ಹೀಗೆ ಹಳೆಯದನ್ನು ನೆನೆದು ಹಂಬಲಿಸುವುದಕ್ಕೆ ಇವರಲ್ಲಿ 'ಸೌದಾದ್' ಎಂಬ ಪದವಿದೆ, ಕನ್ನಡದಲ್ಲಿ ಏನನ್ನಬೇಕೋ ತಿಳಿಯದು ಎಂದಳು ರೇಣುಕಾ. ನಾವು ಹಳಹಳಿ ಅನ್ನುತ್ತೇವಲ್ಲ ಎಂದೆ.

"ಹಳಹಳಿ ಅಂದ್ರ ಬರೇ ಸಂಕಟ ಆತು ದೊಡ್ಡವ್ವ. ಇವ್ರಿಗೆ ಅದ್ರಾಗ ಸುಖಾನೂ ಐತಿ."

ಗಾಲಿಕುರ್ಚಿಯಲ್ಲಿ ಕುಳಿತ ಅಮೇಲಿಯಾ ಎಂಬ ಅಜ್ಜಿಗೆ ಎಂಬತ್ತು ದಾಟಿತ್ತು. ನಾನು ಭತ್ತದ ಸೀಮೆಯವಳೆಂದು ತಿಳಿದೊಡನೆ, ನಿಮ್ಮಲ್ಲಿ ಹೆಂಗಸರು ಈಗಲೂ ಕೈಯಿಂದ ನಾಟಿ ಮಾಡುತ್ತಾರೆಯೇ ಎಂದು ರೇಣುಕಾಳ ಮೂಲಕ ಕೇಳಿದಳು. ಮಾಡುತ್ತಾರೆ, ನಾನೂ ರಜೆಯಲ್ಲಿ ಅವ್ವನ ಪಕ್ಕ ಮಾಡಿದ್ದೇನೆ ಎಂದೆ. ಆಕೆ ನನ್ನ ಕೈ ಹಿಡಿದು, ಸಸಿ ಊರುವ ಹೆಬ್ಬೆರಳನ್ನು ಒತ್ತಿ ನೋಡಿದಳು. ತಾನೂ ಹರೆಯದಲ್ಲಿ ನಾಟಿಗೆ ಹೋಗುತ್ತಿದ್ದವಳು, ಗದ್ದೆಗೆ ಕರೆದೊಯ್ಯಿರಿ ಎಂದು ಹಟ ಹಿಡಿದಳು.

ಮೇಲ್ವಿಚಾರಕಿಯ ಒಪ್ಪಿಗೆ ಪಡೆದು ಶನಿವಾರ ಬೆಳಿಗ್ಗೆ ಹೋದೆವು. ಅಲ್ಲೀಗ ಬೀಜವನ್ನು ಯಂತ್ರದಿಂದಲೇ ಎರಚುತ್ತಾರೆ. ಗದ್ದೆಯಲ್ಲಿ ಒಬ್ಬರೂ ಇರಲಿಲ್ಲ. ನಾನು ಚಪ್ಪಲಿ ಬಿಟ್ಟು ನೀರಿಗಿಳಿದು, ದಟ್ಟವಾಗಿದ್ದ ಕಡೆಯಿಂದ ಒಂದು ಹಿಡಿ ಸಸಿ ಕಿತ್ತು ಖಾಲಿ ಜಾಗದಲ್ಲಿ ಊರಿದೆ. ಆಳ ಜಾಸ್ತಿಯಾಯಿತೆಂದು ಅಜ್ಜಿ ಬದುವಿನಿಂದಲೇ ಗದರಿದಳು. ಆರೇಳು ಸಸಿಗೆ ನನ್ನ ಸೊಂಟ ಹಿಡಿಯಿತು. ಈ ಕೆಲಸ ಮತ್ತೆ ಬೇಡವೆಂದೇ ಓದಿ ಶಿಕ್ಷಕಿಯಾದೆ, ಇದನ್ನು ನೆನೆಸಿ ಹಂಬಲಿಸುವುದೇನಿದೆ ಎಂದು ಕೇಳಿದೆ. ಅಜ್ಜಿ ತನ್ನ ಭಾಷೆಯಲ್ಲಿ ಉತ್ತರಿಸಿದಳು. ರೇಣುಕಾ ನಿಧಾನವಾಗಿ ತಿಳಿಸಿದಳು:

"ಆಗ ಹಸಿವಿತ್ತಂತ, ಚಳಿಜ್ವರ ಇತ್ತಂತ. ಆ ಕಾಲ ಬ್ಯಾಡಂತ. ಆ ಹೆಣ್ಮಕ್ಕಳು ಬೇಕಂತ."

ನಾನು ಬದು ಹತ್ತಿ ಬಂದೆ. ಅಜ್ಜಿ ನಾಟಿಯಲ್ಲಿ ತನ್ನ ಸಾಲಿನಲ್ಲಿ ನಿಲ್ಲುತ್ತಿದ್ದವರ ಹೆಸರನ್ನು ಎಡದಿಂದ ಬಲಕ್ಕೆ ಬೆರಳು ಮಡಚುತ್ತ ಹೇಳಿದಳು. ಒಂಬತ್ತು ಜನ. ಯಾರೂ ಉಳಿದಿಲ್ಲ. ನನ್ನ ಕೈ ಹಿಡಿದು, ನಿನ್ನ ಸಾಲಿನಲ್ಲಿ ಯಾರಿದ್ದರು ಎಂದಳು.

ಅವ್ವ ಯಂಕಮ್ಮ, ಹುಸೇನಬಿ, ಲಕ್ಷ್ಮವ್ವ ಎಂದೆ. ಅಜ್ಜಿ ಒಂದೊಂದನ್ನೂ ತನ್ನ ನಾಲಗೆಗೆ ಬಂದಂತೆ ತಿರುಗಿ ಉಚ್ಚರಿಸಿದಳು. "ಉಸೇನ್ಬಿ" ಎಂದಳು. ಹುಸೇನಬಿ ತೀರಿಕೊಂಡ ಮೇಲೆ ನಾನೇ ಆ ಹೆಸರನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಅಜ್ಜಿ ಮುಂದಿನ ಹೆಸರಿಗೆ ಕಾದಳು. ಆಗ ನನ್ನ ಸೊಂಟ ನೋವಿಗೆ ಹಸಿ ಬಟ್ಟೆ ಕಟ್ಟುತ್ತಿದ್ದ ಇನ್ನೊಬ್ಬಾಕೆ ಇದ್ದಳು. ಮುಖ ಕಣ್ಣಮುಂದಿತ್ತು, ಹೆಸರು ಬರಲಿಲ್ಲ. ಅಜ್ಜಿ ನನ್ನ ಕೆಸರುಗೈಯನ್ನು ಬಿಡದೆ ಹಿಡಿದಿದ್ದಳು.

ಊರಿಗೆ ಮರಳಿದ ಮರುದಿನವೇ ಹುಸೇನಬಿಯ ಮಗಳ ಮನೆಗೆ ಹೋಗಿ ಆ ಹೆಸರು ಕೇಳಿದೆ. ಅವಳಿಗೂ ಹೊಳೆಯಲಿಲ್ಲ. ಚಹಾ ಕಾಸಿ ತಂದು ನನ್ನ ಪಕ್ಕ ಕುಳಿತಳು. ಸಂಜೆಯ ತನಕ ಇಬ್ಬರೂ ಓಣಿಯ ಒಂದೊಂದೇ ಮನೆ ನೆನೆಸಿಕೊಳ್ಳುತ್ತ ಹುಡುಕಿದೆವು.