ಉಪ್ಪಿಗೆ ಹಾಕಿದ ಹಲಸು

ಕೋಲ್ಕತ್ತಕ್ಕೆ ಬಂದ ಹೊಸತರಲ್ಲಿ ತರಕಾರಿಯವನೊಬ್ಬ ನನಗೆ ಆಡು ಮಾರಲು ನೋಡಿದ. ಲೇಕ್ ಮಾರ್ಕೆಟ್ಟಿನಲ್ಲಿ, ಬೆಳಗಿನ ಹೊತ್ತು. "ಬೌದಿ, ಗಾಛ್ ಪಾಂಠಾ ತಗೊಳ್ಳಿ, ಎಳೆಯದು, ಬೇಕಾದರೆ ಕೊಯ್ದೇ ಕೊಡ್ತೇನೆ" ಅಂದ. ಬೌದಿ ಎಂದರೆ ಅತ್ತಿಗೆ, ಅಷ್ಟು ಗೊತ್ತಿತ್ತು. ಪಾಂಠಾ ಎಂದರೆ ಆಡು, ಅದೂ ಗೊತ್ತಿತ್ತು, ಯಾಕೆಂದರೆ ನಾವು ಬಾಡಿಗೆಗೆ ಹಿಡಿದ ಮನೆಯ ಕೆಳಗೇ ಮಾಂಸದ ಅಂಗಡಿ. ಗುಳ್ಳ ಬದನೆ, ತಿಮರೆ ಸೊಪ್ಪಿನ ಚಟ್ನಿ ತಿಂದು ಬೆಳೆದ ಕರಾವಳಿಯ ಕಾಪು ಕಡೆಯ ಹೆಂಗಸು ನಾನು. ಸೆರಗು ಎಳೆದುಕೊಂಡು ಹಿಂದೆ ಸರಿದೆ. ಅವನು ನಗುತ್ತಾ ಗೋಣಿ ಸರಿಸಿದ. ಒಳಗಿದ್ದದ್ದು ಗುಜ್ಜೆ, ನಮ್ಮ ಎಳೆ ಹಲಸು! ಇಲ್ಲಿಯವರು ಅದಕ್ಕೆ ಮರದ ಆಡು ಎಂದು ಅಡ್ಡಹೆಸರಿಟ್ಟಿದ್ದಾರೆ. ಮಾಂಸದ ಹಾಗೆಯೇ ಮಸಾಲೆ ಅರೆದು ಬೇಯಿಸುತ್ತಾರಂತೆ.

ಮನೆಗೆ ಬಂದು ನಮ್ಮವರಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಗುಜ್ಜೆ ಸಿಗುವ ಊರು ಪರವೂರು ಹೇಗಾಗುತ್ತದೆ ಮಾರಾಯ್ತಿ?" ಅಂದರು. ಅವರಿಗೆ ಬ್ಯಾಂಕು ಇತ್ತು, ಬ್ಯಾಂಕಿನಲ್ಲಿ ಜನ ಇದ್ದರು. ನನಗೆ ಇದ್ದದ್ದು ಲೇಕ್ ಗಾರ್ಡನ್ಸಿನ ಎರಡು ಕೋಣೆ, ಗಂಟೆಗಂಟೆಗೆ ಕಿಟಕಿ ಅದುರಿಸುವ ಲೋಕಲ್ ಟ್ರೈನು. ಊರಿನಲ್ಲಿ ಮಧ್ಯಾಹ್ನ ಯಾರಾದರೂ ಅಂಗಳಕ್ಕೆ ಬಂದು "ಊಟ ಆಯಿತಾ" ಎಂದು ಕೂಗುತ್ತಿದ್ದರು. ಇಲ್ಲಿ ಮಧ್ಯಾಹ್ನ ಪಾಡಾ, ಅಂದರೆ ಇಡೀ ಕೇರಿ, ಬಾಗಿಲು ಹಾಕಿ ಮಲಗುತ್ತಿತ್ತು. ಮಗಳು ಮೇಧಾ ಶಾಲೆಗೆ ಸೇರಿದ ವರ್ಷವೇ ಬಂಗಾಳಿ ಕಲಿತಳು. ನಮ್ಮ ಮನೆಮಾತು ತುಳು ಅವಳಿಗೆ ಅರ್ಥವಾಗುತ್ತದೆ, ಕನ್ನಡವೂ ಆಗುತ್ತದೆ; ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಎಷ್ಟೋ ಸಲ ನಾನು ಅಡುಗೆಮನೆಯಲ್ಲಿ ಪಾತ್ರೆಗಳ ಹತ್ತಿರ ಮಾತಾಡಿದ್ದುಂಟು.

ನನ್ನನ್ನು ಆ ಅಡುಗೆಮನೆಯಿಂದ ಹೊರಗೆಳೆದವಳು ಕೃಷ್ಣಾದಿ. ದಿ ಎಂದರೆ ಅಕ್ಕ. ನಮ್ಮವರ ಜೊತೆ ಬ್ಯಾಂಕಿನಲ್ಲಿದ್ದವಳು. ಮದುವೆಯಾಗಲಿಲ್ಲ. ವಯಸ್ಸಿರುವಾಗಲೇ ಕೆಲಸ ಬಿಟ್ಟು, ಬಜ್‌ಬಜ್‌ನ ಆಚೆ ಅಪ್ಪ ಬಿಟ್ಟುಹೋದ ಜಾಗದಲ್ಲಿ ಬೇಸಾಯಕ್ಕಿಳಿದಳು. ಪರ್ಮಾಕಲ್ಚರ್ ಅನ್ನುತ್ತಾಳೆ. ನೆಲ ಉಳುವುದಿಲ್ಲ, ಅಂಗಡಿ ಗೊಬ್ಬರ ತರುವುದಿಲ್ಲ; ಎಲೆ, ಸಿಪ್ಪೆ, ಕೊಳೆತದ್ದು ಎಲ್ಲವನ್ನೂ ಗುಂಡಿಗೆ ಹಾಕಿ, ಎರೆಹುಳಕ್ಕೆ ತಿನ್ನಿಸಿ, ತಿರುಗಿ ಆ ನೆಲಕ್ಕೇ ಕೊಡುವುದು. ನಡುವೆ ಒಂದು ಪುಕುರ್, ಅಂದರೆ ಕೆರೆ. ಸುತ್ತ ಮಾವು, ಪೇರಳೆ, ಬಾಳೆ, ಬೋರೆ ಒಂದರ ನೆರಳಲ್ಲಿ ಒಂದು. ಮೊದಲ ಸಲ ನೋಡಿದಾಗ "ಇದಕ್ಕೆ ಇಂಗ್ಲಿಷ್ ಹೆಸರು ಯಾಕೆ, ನಮ್ಮಜ್ಜಿಯ ಹಿತ್ತಲೇ ಅಲ್ಲವಾ" ಎಂದುಬಿಟ್ಟೆ. ಕೃಷ್ಣಾದಿಗೆ ಸಿಟ್ಟು ಬಂತು. ಅಜ್ಜಿಯ ಹಿತ್ತಲಲ್ಲಿ ಇಷ್ಟು ಲೆಕ್ಕಾಚಾರ ಇರಲಿಲ್ಲ ಎಂಬುದು ಅಲ್ಲಿ ಕೆಲಸ ಮಾಡಿದ ಮೇಲೆ ನನಗೂ ತಿಳಿಯಿತು.

ಭಾನುವಾರ ಲೇಕ್ ಗಾರ್ಡನ್ಸಿನಲ್ಲಿ ಟ್ರೈನು ಹತ್ತಿ ಅಲ್ಲಿಗೆ ಹೋಗುವುದು ನಮಗೆ ಅಭ್ಯಾಸವಾಯಿತು. ಬೇಸಿಗೆ ಬಂತೆಂದರೆ ಹಣ್ಣು ಕೂಡಿಡುವ ಕೆಲಸ. ನಾವು ಮಾವಿನ ರಸವನ್ನು ಚಾಪೆಯ ಮೇಲೆ ಪದರ ಪದರ ಹಚ್ಚಿ ಮಾಂಬಳ ಮಾಡಿದರೆ, ಅವಳು ಎಣ್ಣೆ ಸವರಿದ ಕಲ್ಲಿನ ಅಚ್ಚಿನಲ್ಲಿ ಎರೆದು ಆಮ್‌ಶೊತ್ತೊ ಮಾಡುತ್ತಾಳೆ. ಒಣಗಿದ ಮೇಲೆ ಅದರ ಮೈಮೇಲೆ ಮೀನಿನ ಚಿತ್ರ. ಮಾವಿನ ಹಪ್ಪಳದ ಮೇಲೆ ಮೀನು! ಸಂಜೆ ಕಾಲ್‌ಬೋಯಿಶಾಖಿ, ನಮ್ಮ ಮೇ ತಿಂಗಳ ಗುಡುಗು ಮಳೆಯಂಥದ್ದೇ, ಎದ್ದು ಬಂದರೆ ನಾವಿಬ್ಬರೂ ತಟ್ಟೆ ಹೊತ್ತುಕೊಂಡು ಓಡುತ್ತಿದ್ದೆವು. ಅವಳ ಉಪ್ಪಿನಕಾಯಿಗೂ ಬೆಲ್ಲ. ಬೆಲ್ಲ, ಸಾಸಿವೆ ಎಣ್ಣೆ, ಬಿಸಿಲು, ಇಷ್ಟರಲ್ಲಿ ಅವಳ ಕೋಣೆ ತುಂಬುತ್ತಿತ್ತು. ಬರೀ ಉಪ್ಪಿನಲ್ಲಿ ತಿಂಗಳುಗಟ್ಟಲೆ ಕಾಯಿ ಮುಳುಗಿಸಿಡುವುದು ಅವಳು ಕಂಡದ್ದಲ್ಲ.

ಆ ತೋಟದ ಮೂಲೆಯಲ್ಲಿ ನಮ್ಮವರು ಒಂದು ಹಲಸಿನ ಬೀಜ ಊರಿದರು. ಕಾಪುವಿನ ನನ್ನ ತವರಿನಲ್ಲಿ ಬಾವಿಕಟ್ಟೆಯ ಪಕ್ಕ ಒಂದು ಬಕ್ಕೆ ಹಲಸು ಉಂಟು, ಸೊಳೆ ಗಟ್ಟಿ ಇರುವ ಜಾತಿ. ರಜೆಗೆ ಹೋದವರು ಅದರ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಬೀಜದಿಂದ ಬಂದ ಹಲಸು ತಾಯಿಮರದ ಹಾಗೆಯೇ ಆಗುತ್ತದೆಂದು ಹೇಳಲಿಕ್ಕಾಗುವುದಿಲ್ಲ ಎಂದು ಕೃಷ್ಣಾದಿ ಎಚ್ಚರಿಸಿದಳು. ಇವರು ಕೇಳಬೇಕಲ್ಲ.

ನಿವೃತ್ತಿಯಾದ ಮೇಲೆ ಊರಿಗೆ ಹೋಗುವ ಎಂದು ನಾನು ಹಟ ಹಿಡಿದೆ. ಇಲ್ಲೇ ಇರುವ ಎಂದು ಇವರು. ದಿನಾ ಅದೇ ಜಗಳ. ಕೊನೆಗೊಮ್ಮೆ ಇವರು, "ಮರ ಕಾಯಿ ಬಿಡಲಿ. ಮೊದಲ ಕಾಯಿಯನ್ನು ನೀನು ಉಪ್ಪಿಗೆ ಹಾಕು, ಆಟಿ ತಿಂಗಳ ಮಳೆಯಲ್ಲಿ ತೆಗೆದು ತಿನ್ನುವ. ಊರಿನ ರುಚಿ ಬಂದರೆ ಇಲ್ಲೇ ಇರುವ. ಬರದಿದ್ದರೆ ಗಂಟು ಕಟ್ಟುವ, ಆಯ್ತಾ?" ಅಂದರು. ಆಯ್ತು ಅಂದೆ. ತಮಾಷೆಗೆ ಹೇಳಿದ್ದು, ಆದರೆ ಜಗಳ ಅಲ್ಲಿಗೆ ನಿಂತಿತು.

ಮರ ಕಾಯಿ ಬಿಡುವ ಮೊದಲೇ ಇವರು ಹೋದರು. ಆಸ್ಪತ್ರೆಗೆ ತಮ್ಮ ಕಾಲಲ್ಲೇ ನಡೆದು ಹೋದವರು. ನನಗೆ ಆಗ ಅಳು ಬರಲಿಲ್ಲ. ಬಂದವರಿಗೆಲ್ಲ ಚಾ ಮಾಡಿಕೊಟ್ಟೆ. ಮೇಧಾ ಬೆನ್ನು ಸವರುತ್ತಾ "ಅಮ್ಮಾ, ಪ್ಲೀಸ್ ಕ್ರೈ" ಅಂದಳು. ಅವಳ ಕೈಗೂ ಒಂದು ಲೋಟ ಚಾ ಕೊಟ್ಟೆ.

ಮುಂದಿನ ಬೇಸಿಗೆಯಲ್ಲಿ ಮರ ಕಾಯಿ ಬಿಟ್ಟಿತು. ಮಿಡಿಗಳೆಲ್ಲ ಉದುರಿ ಒಂದೇ ಒಂದು ಉಳಿಯಿತು, ಬುಡದ ಹತ್ತಿರ. ಅದೇ ಸಮಯಕ್ಕೆ ಲೇಕ್ ಗಾರ್ಡನ್ಸಿನ ಮನೆಯವರು ಹಳೆ ಕಟ್ಟಡ ಕೆಡವಿ ಹೊಸದು ಕಟ್ಟುತ್ತೇವೆ, ಬಿಡಿ ಎಂದರು. ಸಾಲ್ಟ್ ಲೇಕಿನ ತನ್ನ ಫ್ಲ್ಯಾಟಿಗೆ ಬಾ ಎಂದು ಮೇಧಾ. ಮೇಲಿನ ಮಹಡಿ ಖಾಲಿ ಉಂಟು, ಬಂದುಬಿಡು ಎಂದು ಕಾಪುವಿನಿಂದ ಅಣ್ಣ. ಇಬ್ಬರಿಗೂ ಆಟಿ ಬರಲಿ, ಹೇಳುತ್ತೇನೆ ಎಂದೆ. ನಗಬೇಡಿ. ಕೇಳಲಿಕ್ಕೆ ನನಗೆ ಬೇರೆ ಯಾರಿದ್ದರು?

ಬಲಿತ ಕಾಯಿಯನ್ನು ಇಳಿಸಿ, ಕೈಗೆ ಎಣ್ಣೆ ಸವರಿಕೊಂಡು ಸೊಳೆ ಬಿಡಿಸಿ, ಭರಣಿಯಲ್ಲಿ ಉಪ್ಪು ಬೆರೆಸಿ ಒತ್ತಿ, ಮೇಲೊಂದು ಕಲ್ಲು ಹೇರಿದೆ. ಅವತ್ತು ಕೃಷ್ಣಾದಿ ತಂಗಿಯ ಮನೆಗೆ ಹೋಗಿದ್ದಳು. ಭರಣಿಯನ್ನು ಅವಳ ತಣ್ಣನೆಯ ಕೋಣೆಯಲ್ಲೇ ಬಿಟ್ಟು ಬಂದೆ. ಒಂದು ಸೊಳೆಯನ್ನೂ ಬಾಯಿಗೆ ಹಾಕಲಿಲ್ಲ. ಆಟಿಯ ತನಕ ಮುಟ್ಟಬಾರದೆಂದು ನನ್ನದೇ ಒಂದು ವ್ರತ.

ಇನ್ನು ಆದದ್ದು ಕೇಳಿ. ಒಂದು ಭಾನುವಾರ ನಾನು ಸ್ಟೇಷನ್ನಿನಲ್ಲಿ ಟ್ರೈನಿಗೆ ಕಾಯುತ್ತಿರುವಾಗ ಕೃಷ್ಣಾದಿಯ ಫೋನು. "ಸುಮತಿ, ನಿನ್ನ ಭರಣಿಯಿಂದ ಏನೋ ವಾಸನೆ. ಒಳಗೆ ಏನುಂಟು?" ಉಪ್ಪಿನ ಸೊಳೆ ಹದಕ್ಕೆ ಬರುವಾಗ ವಾಸನೆ ಬಂದೇ ಬರುತ್ತದೆ; ನನಗೆ ಖುಷಿಯಾಯಿತು. ಬಂಗಾಳಿಯಲ್ಲಿ ಅದಕ್ಕೆ ಹೆಸರಿಲ್ಲವಲ್ಲ, ತುಳುವಿನಲ್ಲೇ ನಗುತ್ತಾ ಕೂಗಿದೆ: "ಉಪ್ಪಡ್ ಪಚ್ಚಿಲ್, ದೀದಿ! ಉಪ್ಪಡ್ ಪಚ್ಚಿಲ್!" ಅಷ್ಟರಲ್ಲಿ ಟ್ರೈನು ಗಡಗಡ ಎಂದು ಬಂತು, ಫೋನು ಕಡಿಯಿತು.

ತೋಟ ಮುಟ್ಟುವಾಗ ನನ್ನ ಭರಣಿ ಅಂಗಳದ ಬಿಸಿಲಲ್ಲಿ ಬೋರಲಾಗಿ ಕೂತಿತ್ತು. ತೊಳೆದು, ಒರೆಸಿ, ಫಳಫಳ. ಕೃಷ್ಣಾದಿ ಬಂದು ನನ್ನ ಕೈ ಹಿಡಿದಳು. "ನೀನು ಬಂದು ನೋಡಬಾರದು ಅಂತ ನಾನೇ ಗುಂಡಿಗೆ ಹಾಕಿಬಿಟ್ಟೆ. ಅವರ ಮರದ ಮೊದಲ ಕಾಯಿ. ಫೋನಿನಲ್ಲಿ ನೀನು ಅಳುತ್ತಿದ್ದೆ" ಅಂದಳು.

"ಅಳುವುದಾ? ನಾನು ನಕ್ಕದ್ದು! ಯಾರು ಹೇಳಿದರು ನಿಮಗೆ ಹಾಕಲಿಕ್ಕೆ?"

"ನೀನೇ ಹೇಳಿದೆಯಲ್ಲ, ಉಪೊರೆ ಪೊಚೆಛಿಲೊ ಅಂತ."

ಉಪೊರೆ ಪೊಚೆಛಿಲೊ. ಬಂಗಾಳಿಯಲ್ಲಿ ಹಾಗೆಂದರೆ ಮೇಲೆಲ್ಲ ಕೊಳೆತುಹೋಗಿತ್ತು ಎಂದು. ನನ್ನ ಉಪ್ಪಡ್ ಪಚ್ಚಿಲ್ ಟ್ರೈನಿನ ಗದ್ದಲದಲ್ಲಿ ದಾಟಿಹೋಗಿ ಅವಳ ಕಿವಿಯಲ್ಲಿ ಹಾಗೆ ಇಳಿದಿತ್ತು. ಕೊಳೆತದ್ದೆಲ್ಲ ಗುಂಡಿಗೆ, ಅದು ಆ ತೋಟದ ಕಾನೂನು.

ನಾನು ಕಿರುಚಿದೆ. ಯಾವ ಭಾಷೆಯಲ್ಲಿ ಬೈದೆನೋ ದೇವರಿಗೇ ಗೊತ್ತು, ತುಳು, ಕನ್ನಡ, ಹಿಂದಿ ಎಲ್ಲ ಒಟ್ಟಿಗೆ ಬಂತು. ನಿಮ್ಮ ಊರು ಬೇಡ, ನಿಮ್ಮ ಗುಂಡಿ ಬೇಡ, ಅದನ್ನು ಉಪ್ಪಿನಲ್ಲಿ ಇಟ್ಟದ್ದು, ಉಪ್ಪಿನಲ್ಲಿ ಇಟ್ಟದ್ದು ಕೊಳೆಯುತ್ತದಾ ಎಂದು ಕೇಳಿದೆ. ಕೃಷ್ಣಾದಿ ತಲೆ ತಗ್ಗಿಸಿ ನಿಂತಿದ್ದವಳು ತಟ್ಟನೆ ನೋಡಿದಳು.

"ನುನ್? ಆ ನೀರಿನಲ್ಲಿ ಉಪ್ಪಿತ್ತಾ?"

"ಮತ್ತೆ? ಉಪ್ಪಲ್ಲದೆ ಸಕ್ಕರೆಯಾ?"

ಅವಳ ಮುಖ ಬಿಳಿಚಿಹೋಯಿತು. ನನ್ನನ್ನು ಬಿಟ್ಟು ಗುಂಡಿಯ ಕಡೆ ಓಡಿದಳು. ಉಪ್ಪು ಬಿದ್ದರೆ ಎರೆಹುಳ ಉಳಿಯುವುದುಂಟೇ? ನಾನು ಹೋಗಿ ನೋಡುವಾಗ ಅವಳು ಮಂಡಿಯೂರಿ ಎರಡೂ ಕೈಯಲ್ಲಿ ಮಣ್ಣು ಬಾಚುತ್ತಿದ್ದಳು. ಹುಳಗಳು ಸುರುಟಿಕೊಂಡು ಬಿದ್ದಿದ್ದವು. ವರ್ಷಗಟ್ಟಲೆ ಸಾಕಿದ ಗುಂಡಿ ಅದು. "ಕೆಂಚೊಗಳು, ನನ್ನ ಕೆಂಚೊಗಳು" ಎಂದು ಅವಳು ಅಳುತ್ತಿದ್ದಳು. ಹುಳಕ್ಕೆ ಅಳುವವರನ್ನು ನಾನು ಕಂಡದ್ದು ಅದೇ ಮೊದಲು.

ನಾನೂ ಸೆರಗು ಸಿಕ್ಕಿಸಿ ಇಳಿದೆ. ಒದ್ದೆಯಾದ ಮಣ್ಣನ್ನೆಲ್ಲ ಬುಟ್ಟಿಗೆ ತುಂಬಿ, ಮರದ ಬೇರಿಗೆ ತಾಗದ ಹಾಗೆ ದೂರದ ಇಟ್ಟಿಗೆ ರಾಶಿಯ ಮೇಲೆ ಸುರಿದೆವು. ಬದುಕಿದ ಹುಳಗಳನ್ನು ಅವಳು ಆರಿಸಿ ಬಾಳೆಯ ಬುಡಕ್ಕೆ ಬಿಟ್ಟಳು. ಸಿಕ್ಕಿದ ಸೊಳೆಗಳನ್ನು ನಾನು ಒಂದು ಬಾಳೆಲೆಯ ಮೇಲೆ ಹಾಕುತ್ತಾ ಹೋದೆ.

ಕೊನೆಗೆ ನಾನೊಂದು ಸೊಳೆಯನ್ನು ಪಂಪಿನ ನೀರಿನಲ್ಲಿ ಉಜ್ಜಿ ತೊಳೆದೆ. "ತಿನ್ನಬೇಡ, ಸುಮತಿ!" ಎಂದು ಕೃಷ್ಣಾದಿ ಕೈ ಅಡ್ಡ ತಂದಳು. ಬಾಯಿಗೆ ಹಾಕಿಯೇಬಿಟ್ಟೆ. ಗಟ್ಟಿ ಇತ್ತು, ಹಲ್ಲಿಗೆ ಕರಕ್ ಎಂದಿತು. ಊರಿನ ರುಚಿಯೋ ಅಲ್ಲವೋ, ತಿಳಿಯಲಿಲ್ಲ. ಹದ ಪೂರ್ತಿ ಬಂದಿರಲಿಲ್ಲ, ಬರೀ ಉಪ್ಪು. ಅದನ್ನು ಕೇಳಲಿಕ್ಕೆ ಇವರೇ ಇಲ್ಲವಲ್ಲ ಎಂದು ಆಗ ಹೊಳೆಯಿತು, ಆಗ ಅತ್ತೆ. ಆಸ್ಪತ್ರೆಯಲ್ಲಿ ಬರದ ಅಳು ಅಲ್ಲಿ, ಗೊಬ್ಬರದ ಗುಂಡಿಯ ಬದಿಯಲ್ಲಿ ಬಂತು. ಕೃಷ್ಣಾದಿ ಕೆಸರು ಕೈಯಿಂದಲೇ ನನ್ನ ತಲೆಯನ್ನು ಹೆಗಲಿಗೆ ಒತ್ತಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ತಾನೂ ಒಂದು ಸೊಳೆ ತೊಳೆದು ಕಚ್ಚಿ, ಮುಖ ಕಿವಿಚಿ, ಉಗಿಯದೆ ನುಂಗಿದಳು.

ಮನೆಯ ಸಾಮಾನನ್ನೆಲ್ಲ ಮೇಧಾಳ ಫ್ಲ್ಯಾಟಿಗೆ ಸಾಗಿಸಿ ಆಟಿಯಲ್ಲಿ ನಾನು ಕಾಪುವಿಗೆ ಬಂದೆ. ಮಹಡಿ ನೋಡಿ ಹೇಳುತ್ತೇನೆ ಎಂದು ಬಂದದ್ದು. ಭರಣಿ ಕೃಷ್ಣಾದಿಯ ಕೋಣೆಯಲ್ಲೇ ಉಂಟು. ಊಟಕ್ಕೆ ಕೂರುವಾಗ ಅಣ್ಣ ಮಹಡಿಯ ಬೀಗದ ಕೈಯನ್ನು ನನ್ನ ಎಲೆಯ ಬದಿಯಲ್ಲಿ ಇಟ್ಟ. ಅತ್ತಿಗೆ ಉಪ್ಪಡ್ ಪಚ್ಚಿಲಿನ ಪಲ್ಯ ಬಡಿಸಿದರು, ತೆಂಗಿನೆಣ್ಣೆಯ ಒಗ್ಗರಣೆ ಹಾಕಿ. ಎಷ್ಟು ವರ್ಷವಾಗಿತ್ತು! ಕಣ್ಣು ಮುಚ್ಚಿ ತಿಂದೆ.

"ಹೇಗುಂಟು?" ಅತ್ತಿಗೆ ಕೇಳಿದರು.

"ಭಾರೀ ಒಳ್ಳೆದುಂಟು. ಆದರೆ ನಮ್ಮ ಮರದ್ದು ಇಷ್ಟು ಮೆತ್ತಗಿಲ್ಲ ಅತ್ತಿಗೆ, ಗಟ್ಟಿ."

ಅತ್ತಿಗೆಯ ಸೌಟು ಅಲ್ಲೇ ನಿಂತಿತು. "ಇದು ನಮ್ಮ ಮರದ್ದೇ ಅಲ್ವಾ? ಬಾವಿಕಟ್ಟೆಯದ್ದೇ. ಇನ್ಯಾವ ಮರ?"

ಅಣ್ಣ ತಲೆ ಎತ್ತಿ ಒಮ್ಮೆ ನನ್ನ ಮುಖ ನೋಡಿದ. ಎಡಗೈ ಚಾಚಿ ಆ ಬೀಗದ ಕೈಯನ್ನು ಎತ್ತಿಕೊಂಡು, ಎದ್ದು ಹೋಗಿ ಗೋಡೆಯ ಮೊಳೆಗೆ ತಿರುಗಿ ಸಿಕ್ಕಿಸಿದ.

"ಇಲ್ಲೇ ಇರಲಿ," ಅಂದ. "ಬಂದಾಗಲೆಲ್ಲ ಬೇಕಾಗುತ್ತದೆ."