ಕಿವಿಯಕ್ಕ ಟ್ಯಾಬ್ಲೆಟ್ಟಿನ ಬಾಯಿ ಮುಚ್ಚಿಸಿದ್ದು

ಅವರ ನಿಜವಾದ ಹೆಸರು ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಉಳಿದವರಿಗೆಲ್ಲ ಅವರು ಕಿವಿಯಕ್ಕ. ಮೂರನೆಯ ಮಹಡಿಯ ಕೊನೆಯ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಜನರ ಕಿವಿ ಪರೀಕ್ಷೆ ಮಾಡಿದವರಿಗೆ ಇನ್ನು ಯಾವ ಹೆಸರು ಉಳಿದೀತು? ಗೋಡೆಗೆಲ್ಲ ದಪ್ಪ ಸ್ಪಂಜು ಬಡಿದ ಪುಟ್ಟ ಕೋಣೆ, ಎರಡು ಪದರದ ಬಾಗಿಲು, ಒಂದು ಗಾಜಿನ ಕಿಟಕಿ. ಒಳಗೆ ಕುಳಿತವರು ಹೆಡ್‌ಫೋನ್ ಹಾಕಿಕೊಂಡು ಸದ್ದು ಕೇಳಿಸಿದಾಗಲೆಲ್ಲ ಕೈ ಎತ್ತಬೇಕು. ಹೊರಗೆ ಕುಳಿತ ಕಿವಿಯಕ್ಕ ಸದ್ದನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತ, ಕೈ ಏಳುವುದು ಎಲ್ಲಿಗೆ ನಿಂತಿತೆಂದು ಗುರುತು ಹಾಕಿಕೊಳ್ಳಬೇಕು.

ಹೇಳುವುದಕ್ಕೆ ಇಷ್ಟೇ. ಆದರೆ ದೊಡ್ಡವರು ಸುಳ್ಳು ಹೇಳುತ್ತಾರೆ. ಕಿವಿ ಮಂದವಾಯಿತೆಂದು ಒಪ್ಪಿಕೊಳ್ಳಲು ನಾಚಿ ಸುಮ್ಮಸುಮ್ಮನೆ ಕೈ ಎತ್ತುವ ಯಜಮಾನರಿದ್ದಾರೆ. ಹೆಂಡತಿಯ ಮಾತು ಕೇಳದಿರುವುದಕ್ಕೆ ಆಸ್ಪತ್ರೆಯದೇ ಒಂದು ಕಾಗದ ಸಿಕ್ಕೀತೆಂದು ಕೈ ಕಟ್ಟಿ ಕೂರುವ ಗಂಡಂದಿರೂ ಇದ್ದಾರೆ. ಕಿವಿಯಕ್ಕ ಎಲ್ಲರನ್ನೂ ಕಂಡಿದ್ದರು. ಅವರಿಗೆ ಮಕ್ಕಳೆಂದರೇ ಇಷ್ಟ. ಮಕ್ಕಳಿಗೆ ಕೈ ಎತ್ತುವ ಶಿಕ್ಷೆಯಿಲ್ಲ. ಮುಂದೆ ಒಂದು ಬುಟ್ಟಿ ತುಂಬ ಮರದ ಮಣಿ, ಪಕ್ಕದಲ್ಲಿ ಒಂದು ಡಬ್ಬ. ಸದ್ದು ಕೇಳಿಸಿದರೆ ಒಂದು ಮಣಿ ಡಬ್ಬಕ್ಕೆ. ಮಕ್ಕಳಿಗೆ ಅದು ಆಟ, ಕಿವಿಯಕ್ಕನಿಗೆ ಅದೇ ಲೆಕ್ಕ.

ಅವರ ಹಳೆಯ ಯಂತ್ರ ಕೆಟ್ಟು ಕೂತಿತು. ಬಿಡಿಭಾಗ ಎಲ್ಲೂ ಸಿಗುವುದಿಲ್ಲವೆಂದಾದಾಗ ಅದರ ಜಾಗಕ್ಕೆ ಒಂದು ಟ್ಯಾಬ್ಲೆಟ್ಟು ಬಂತು. ತಂದವನು ಹತ್ತು ನಿಮಿಷದಲ್ಲಿ ಎಲ್ಲ ಹೇಳಿ ಮುಗಿಸಿ, ಹದಿನೊಂದನೆಯ ನಿಮಿಷಕ್ಕೆ ಲಿಫ್ಟಿನಲ್ಲಿದ್ದ. ತೆರೆದರೆ ಅದು ಮೊದಲು ಕೇಳಿದ್ದು ಒಂದು ಖಾತೆ. ಆಸ್ಪತ್ರೆಯ ಖಾತೆ ಯಾರಲ್ಲಿದೆಯೆಂದು ಮೂರು ಮಹಡಿ ಸುತ್ತಿದರೂ ತಿಳಿಯಲಿಲ್ಲ. ಕಿವಿಯಕ್ಕ ತಮ್ಮದನ್ನೇ ಹಾಕಿದರು. ಅದು ಹೇಳಿದ್ದಕ್ಕೆಲ್ಲ "ಸರಿ", "ಸರಿ" ಎಂದು ಒತ್ತುತ್ತ ಹೋದರು. ಹಾಗೆ ಒತ್ತಿದ ಒಂದು "ಸರಿ"ಯಿಂದ ಅವರ ಫೋನಿನ ಮನೆಮಂದಿಯೆಲ್ಲ ಸದ್ದಿಲ್ಲದೆ ಆ ಟ್ಯಾಬ್ಲೆಟ್ಟಿಗೂ ಬಂದು ನೆಲೆಸಿದರು.

ಕುಟುಂಬದ ಗುಂಪು ಎಂಬುದನ್ನು ಯಾರು ಹುಟ್ಟಿಸಿದರೋ, ಅವರಿಗೆ ಒಡಹುಟ್ಟಿದವರು ಇರಲಿಲ್ಲವೆಂದು ಕಾಣುತ್ತದೆ. ಕಿವಿಯಕ್ಕನಿಗೆ ಒಬ್ಬಳು ತಂಗಿ, ಇಬ್ಬರು ತಮ್ಮಂದಿರು, ಅವರ ಹೆಂಡಿರು. ತಂಗಿ ಹೊಸ ಮನೆಗೆ ಹೋಗುತ್ತಿದ್ದಳು. ಕಿಟಕಿಗೆ ಎಂಥ ಪರದೆ ಹಾಕಬೇಕೆಂದು ಒಂದು ವಾರದಿಂದ ಗುಂಪಿನಲ್ಲಿ ಮಾತುಕತೆ. ಮೊದಲ ದಿನವೇ ಟ್ಯಾಬ್ಲೆಟ್ಟು "ಟಿಂಗ್" ಎಂದಾಗ ಕಿವಿಯಕ್ಕ ಬದಿಯ ಗುಂಡಿಯನ್ನು ಒತ್ತಿ ಹಿಡಿದು ಸದ್ದನ್ನು ಸೊನ್ನೆಗಿಳಿಸಿದರು. ಮತ್ತೆ ಟಿಂಗ್ ಕೇಳಲಿಲ್ಲ. ಬಾಯಿ ಮುಚ್ಚಿತು ಎಂದುಕೊಂಡರು.

ಅವರು ತಪ್ಪಿದ್ದು ಇಲ್ಲಿಯೇ. ಪರೀಕ್ಷೆ ಶುರುವಾದ ಕೂಡಲೇ ಆ ಟ್ಯಾಬ್ಲೆಟ್ಟು ತಾನಾಗಿಯೇ ಸದ್ದನ್ನು ಪೂರ್ತಿ ಮೇಲಕ್ಕೇರಿಸಿಕೊಳ್ಳುತ್ತಿತ್ತು. ಪರೀಕ್ಷೆಯ ಸದ್ದಿನ ಅಳತೆ ಸರಿಬರಬೇಕಾದರೆ ಅದು ಹಾಗೇ ಮಾಡಬೇಕು. ಆಗ ಟಿಂಗ್‌ಗೂ ಜೀವ ಬರುತ್ತಿತ್ತು, ಆದರೆ ಅದು ಹೋಗುತ್ತಿದ್ದದ್ದು ಹೆಡ್‌ಫೋನಿಗೆ, ಒಳಗೆ ಕುಳಿತವರ ಕಿವಿಗೆ ಮಾತ್ರ. ಅವರು ಅದನ್ನೂ ಪರೀಕ್ಷೆಯ ಸದ್ದೆಂದೇ ಎಣಿಸುತ್ತಿದ್ದರು. ಹೊರಗೆ ಕುಳಿತ ಕಿವಿಯಕ್ಕನಿಗೆ ಎಲ್ಲ ನಿಶ್ಶಬ್ದ.

ಹತ್ತನೆಯ ದಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸೊಬ್ಬಳು ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಬಂದಳು. ಅವಳ ಮುಂಗೈ ಮೇಲೆ ಇಸ್ತ್ರಿಪೆಟ್ಟಿಗೆ ತಾಗಿದ ಹಳೆಯ ಕಲೆಗಳು. ಮಗು ಎರಡು ವರ್ಷ ಅಜ್ಜಿಯ ಮನೆಯಲ್ಲಿ ಬೆಳೆದು ಮೂರು ತಿಂಗಳ ಹಿಂದೆ ತಾಯಿಯ ಹತ್ತಿರ ಬಂದಿತ್ತು.

"ಕರೆದ್ರೆ ತಿರುಗೋದೇ ಇಲ್ಲ ಮೇಡಂ. ಮಾತೂ ಅಷ್ಟಕ್ಕಷ್ಟೇ. ಕಿವಿ ಕೇಳ್ಸಲ್ವೋ ಏನೋ ಅಂತ ನಂಗೆ ಭಯ. ನಮ್ಮತ್ತೆ ಮಾತ್ರ ಇದು ಹಟ ಅಂತಾರೆ. ಬಿಟ್ಟು ಬಂದ ಅಮ್ಮನ ಮೇಲೆ ಸಿಟ್ಟಂತೆ."

"ಸಿಟ್ಟೋ ಕಿವಿನೋ, ಈಗ ನೋಡೇಬಿಡೋಣ," ಎಂದರು ಕಿವಿಯಕ್ಕ.

ಮಗು ಆಟವನ್ನು ಚಕ್ಕನೆ ಕಲಿಯಿತು. ಮಣಿಯನ್ನು ಕೆನ್ನೆಗೆ ಹಿಡಿದು, ಉಸಿರು ಬಿಗಿಹಿಡಿದು ಕಾಯುತ್ತಿತ್ತು. ಕಿವಿಯಕ್ಕ ಸದ್ದು ಇಳಿಸಿದರು, ಮಣಿ ಬಿತ್ತು. ಇನ್ನೂ ಇಳಿಸಿದರು, ಮತ್ತೆ ಬಿತ್ತು. ಎಲೆ ಅಲುಗಿದಷ್ಟು ಸಣ್ಣ ಸದ್ದಿಗೂ ಬಿತ್ತು. ನಡುನಡುವೆ ಸದ್ದೇ ಕೊಡದಿದ್ದಾಗಲೂ ಒಂದೆರಡು ಬಿದ್ದವು. ಮಕ್ಕಳ ಆತುರ, ಇದ್ದದ್ದೇ ಎಂದು ಕಿವಿಯಕ್ಕ ನಕ್ಕು ಬಿಟ್ಟುಬಿಟ್ಟರು. ಕಾಗದದ ಮೇಲೆ "ಎರಡೂ ಕಿವಿ ಸರಿ" ಎಂದು ಬರೆದು ಸಹಿ ಹಾಕಿದರು.

ತಾಯಿ ಕಾಗದವನ್ನು ಎರಡು ಸಲ ಮಡಿಸಿದಳು. ಮಗಳ ಕಿವಿ ಚೆನ್ನಾಗಿದೆ ಎಂದು ಕೇಳಿದ ತಾಯಿಯ ಮುಖ ಅರಳಬೇಕಿತ್ತು. ಈಕೆಯ ಮುಖ ಇಳಿದುಹೋಯಿತು.

"ಹಾಗಾದ್ರೆ ಸಿಟ್ಟೇ," ಎಂದಷ್ಟೇ ಹೇಳಿ ಹೊರಟಳು.

ಆ ಮುಖ ಕಿವಿಯಕ್ಕನನ್ನು ಕಾಡಿತು. ಮರುದಿನ ಕೆಲಸಕ್ಕೆ ಬಂದವರೇ, ಈ ಹತ್ತು ದಿನ ಮಾಡದೇ ಬಿಟ್ಟಿದ್ದ ಒಂದು ಕೆಲಸ ಮಾಡಿದರು. ಹಳೆಯ ಯಂತ್ರ ಇದ್ದಷ್ಟು ಕಾಲ ಪ್ರತಿ ಬೆಳಗ್ಗೆ ಮೊದಲು ತಮ್ಮ ಕಿವಿಗೇ ಹೆಡ್‌ಫೋನ್ ಹಾಕಿ ಪರೀಕ್ಷಿಸುತ್ತಿದ್ದರು. ಹೊಸದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ ಎಂದು ತಂದವನು ಹೇಳಿದ್ದ, ಇವರು ನಂಬಿದ್ದರು. ಈಗ ಹೆಡ್‌ಫೋನ್ ಹಾಕಿ ಪರೀಕ್ಷೆ ಶುರು ಮಾಡಿದರು. ಸಣ್ಣ ಸದ್ದು, ಇನ್ನೂ ಸಣ್ಣ ಸದ್ದು. ಅಷ್ಟರಲ್ಲಿ ಕಿವಿಯೊಳಗೇ ಯಾರೋ ತಟ್ಟೆ ಬಡಿದಂತೆ ಟಿಂಗ್ ಎಂದಿತು. ತಂಗಿಯ ಮಾತು ಬಂದಿತ್ತು: "ನೀಲಿ ಬೇಡ ಅಂತ ತೀರ್ಮಾನ ಆಯ್ತಲ್ಲ?"

ಕಿವಿಯಕ್ಕ ಹೆಡ್‌ಫೋನ್ ಕಿತ್ತು ಕೆಳಗಿಟ್ಟರು. ಹಿಂದಿನ ದಿನದ ಪರೀಕ್ಷೆಯನ್ನು ತೆರೆದರು. ಯಾವ ಮಣಿ ಎಷ್ಟು ಹೊತ್ತಿಗೆ ಬಿತ್ತೆಂದು ಒಂದೊಂದಕ್ಕೂ ಅವರು ಗುಂಡಿ ಒತ್ತಿದ್ದರು, ಟ್ಯಾಬ್ಲೆಟ್ಟು ವೇಳೆ ಬರೆದಿಟ್ಟಿತ್ತು. ಕುಟುಂಬದ ಗುಂಪನ್ನೂ ತೆರೆದು ಪಕ್ಕದಲ್ಲಿಟ್ಟರು. ಹನ್ನೊಂದು ಗಂಟೆ ಆರು ನಿಮಿಷಕ್ಕೆ ಮೂರು ಮಾತು, ಮೂರು ಮಣಿ. ಏಳಕ್ಕೆ ತಮ್ಮನ ಹೆಂಡತಿ ಹೂವಿನ ಪರದೆಯ ಚಿತ್ರ ಕಳಿಸಿದ್ದಳು, ಒಂದು ಮಣಿ. ಎಂಟಕ್ಕೆ ತಂಗಿ ಅದು ಚೆನ್ನಾಗಿಲ್ಲ ಎಂದಿದ್ದಳು, ನಾಲ್ವರು ನಾಲ್ಕು ರೀತಿ ನಕ್ಕಿದ್ದರು, ಐದು ಮಣಿ. ಮಗು ಒಂದೇ ಒಂದು ಸುಳ್ಳು ಹೇಳಿರಲಿಲ್ಲ. ಕೇಳಿಸಿದ್ದಕ್ಕೆಲ್ಲ ನಿಯತ್ತಾಗಿ ಮಣಿ ಹಾಕಿತ್ತು. ಅದಕ್ಕೆ ಕೇಳಿಸಿದ್ದು ಪರೀಕ್ಷೆಯಲ್ಲ, ಪರದೆಯ ಜಗಳ.

ಅವರು ನೇರವಾಗಿ ಡಾಕ್ಟರ ಬಳಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಇಪ್ಪತ್ತಾರು ವರ್ಷದ ಹೆಸರು ಇವತ್ತಿಗೆ ಮಣ್ಣುಪಾಲು ಎಂದುಕೊಂಡೇ ಹೇಳಿದರು. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಹತ್ತು ದಿನದಲ್ಲಿ ಎಷ್ಟು ಜನ?"

"ಹನ್ನೊಂದು. ಎಲ್ಲರ್ನೂ ವಾಪಸ್ ಕರೀತೀನಿ."

"ಮೊದ್ಲು ಆ ಮಗು. ಮಾತು ಕಲಿಯೋ ವಯಸ್ಸು, ಒಂದೊಂದು ತಿಂಗಳೂ ದೊಡ್ಡದು," ಎಂದರು ಡಾಕ್ಟರು. ಬೈಯಲಿಲ್ಲ. ಬೈದಿದ್ದರೆ ಅಳು ಬರುತ್ತಿರಲಿಲ್ಲ ಎಂದು ಕಿವಿಯಕ್ಕ ಆಮೇಲೆ ಹೇಳುತ್ತಿದ್ದರು.

ಟ್ಯಾಬ್ಲೆಟ್ಟಿನ ಬಾಯಿಯನ್ನು ಈ ಸಲ ನಿಜವಾಗಿ ಮುಚ್ಚಿಸಬೇಕಿತ್ತು. ಮನೆಯಲ್ಲಿ ಇಂಥದ್ದೆಲ್ಲ ಗೊತ್ತಿದ್ದವಳು ತಂಗಿಯೊಬ್ಬಳೇ. ಫೋನ್ ಮಾಡಿದರು.

"ನನ್ನ ಬಾಯಿ ಮುಚ್ಸೋಕೆ ನನ್ನನ್ನೇ ಕೇಳ್ತಿದೀಯಲ್ಲಕ್ಕ," ಎಂದಳು ತಂಗಿ. ನಡೆದದ್ದನ್ನು ಕೇಳಿದ ಮೇಲೆ ಅವಳ ನಗು ನಿಂತಿತು. "ಅಯ್ಯೋ, ನಮ್ಮ ಹಾಳು ಪರದೆ. ಇರು, ಒಂದೊಂದಾಗಿ ಹೇಳ್ತೀನಿ. ಮೊದ್ಲು ನಿನ್ನ ಖಾತೆ ತೆಗೆದು ಹಾಕು."

ತೆಗೆದರು. ಅದರ ಜಾಗಕ್ಕೆ ಡಾಕ್ಟರು ಹುಡುಕಿಸಿಕೊಟ್ಟ ಆಸ್ಪತ್ರೆಯ ಖಾತೆ ಹಾಕಿದರು. ಸೆಟ್ಟಿಂಗ್ಸ್‌ಗೆ ಹೋಗಿ, ಗಂಟೆಯ ಚಿತ್ರವಿದ್ದ ಕಡೆ ಒತ್ತಿದರು. ಅಲ್ಲಿ ಹವಾಮಾನ ಹೇಳುವವನು, ಸುದ್ದಿ ಹೇಳುವವನು, ಹೊಸ ಆಟ ಬಂದಿದೆ ಎನ್ನುವವನು, ಎಲ್ಲರೂ ಸಾಲಾಗಿ ಕುಳಿತಿದ್ದರು. ಒಬ್ಬೊಬ್ಬರ ಎದುರಿನ ಗುಂಡಿಯನ್ನೂ ಆರಿಸಿದರು. "ತೊಂದರೆ ಕೊಡಬೇಡಿ" ಎಂಬುದನ್ನು ಹಾಕಿದರು. ಅದರೊಳಗೂ ಅಲಾರಂಗೆ ಮಾತ್ರ ರಿಯಾಯಿತಿ ಎಂದು ಬರೆದಿತ್ತು. ಆ ರಿಯಾಯಿತಿಯನ್ನೂ ಕಿತ್ತು ಹಾಕಿದರು. ಇಂಟರ್ನೆಟ್ಟು ಮಾತ್ರ ಇನ್ನೂ ಇತ್ತು. ಕಿವಿಯಕ್ಕ ಪರೀಕ್ಷೆ ಶುರು ಮಾಡಿ, ಒಂದು ಕಿವಿಗೆ ಹೆಡ್‌ಫೋನು, ಇನ್ನೊಂದಕ್ಕೆ ಫೋನು ಒತ್ತಿಕೊಂಡರು.

"ಆಸ್ಪತ್ರೆ ಮೇಲ್‌ಗೆ ಕಳಿಸ್ದೆ. ಬಂತಾ?"

"ಬಂದಿದೆ. ಸದ್ದಿಲ್ಲ."

"ಇನ್ನೊಂದು."

"ಇಲ್ಲ."

ಹೀಗೆ ಇಪ್ಪತ್ತು ಸಲ. ತಂಗಿ ತನ್ನ ಅಡುಗೆ ಒಲೆಯ ಮೇಲೇ ಬಿಟ್ಟು ಕಳಿಸುತ್ತ ಕೂತಳು. ಇಪ್ಪತ್ತೊಂದನೆಯ ಸಲಕ್ಕೆ "ಟುಂಯ್" ಎಂದಿತು. ಅದು ತಂಗಿಯದಲ್ಲ, ಬ್ಯಾಟರಿ ಖಾಲಿಯಾಗುತ್ತಿದೆ ಎಂಬ ಗೋಳು. ಕಿವಿಯಕ್ಕ ಹಲ್ಲು ಕಚ್ಚಿ ಅದರ ಗುಂಡಿಯನ್ನೂ ಹುಡುಕಿ ಆರಿಸಿದರು. ಕೊನೆಗೆ ಇಂಟರ್ನೆಟ್ಟನ್ನೇ ತೆಗೆದುಬಿಟ್ಟರು. ಪರೀಕ್ಷೆಗೆ ಅದರ ಅಗತ್ಯ ಮೊದಲಿನಿಂದಲೂ ಇರಲಿಲ್ಲ. ಆಮೇಲೆ ಪೂರ್ತಿ ಕಾಲು ಗಂಟೆ ಹೆಡ್‌ಫೋನ್ ಹಾಕಿಕೊಂಡು ಸುಮ್ಮನೆ ಕುಳಿತರು. ತಮ್ಮ ಉಸಿರು ಬಿಟ್ಟರೆ ಏನೂ ಇಲ್ಲ. ತಂಗಿಯ ಆ ಒಂದು ನೀಲಿ ಪರದೆಯ ಮಾತು ಇವತ್ತು ಬೆಳಗ್ಗೆ ಬಾರದೇ ಇದ್ದಿದ್ದರೆ ಎಂದು ನೆನೆದು, ಅವಳ ಬಾಯಿಬಡುಕತನಕ್ಕೆ ಮನಸ್ಸಿನಲ್ಲೇ ಕೈ ಮುಗಿದರು.

ತಾಯಿ ಕೊಟ್ಟ ಫೋನ್ ನಂಬರಿಗೆ ಯಾರೂ ಉತ್ತರಿಸಲಿಲ್ಲ. ಕಿವಿಯಕ್ಕ ಲಾಂಡ್ರಿಗೇ ನಡೆದರು. ಒಳಗೆ ಆವಿ ಮುಖಕ್ಕೆ ಹೊಡೆಯುತ್ತಿತ್ತು, ತೊಳೆಯುವ ಯಂತ್ರಗಳ ಗದ್ದಲಕ್ಕೆ ಎದುರಿಗಿದ್ದವರ ಮಾತೂ ಕೇಳಿಸುವಂತಿರಲಿಲ್ಲ. ಈ ಗದ್ದಲದಲ್ಲಿ ದಿನವೆಲ್ಲ ನಿಂತವಳ ಫೋನು ಹೇಗೆ ಕೇಳಿಸೀತು? ಆಕೆ ಹಿಂದಿನ ಮೇಜಿನಲ್ಲಿ ಒಂದು ಬಿಳಿ ಅಂಗಿಯ ಕಾಲರಿಗೆ ಇಸ್ತ್ರಿ ಒತ್ತುತ್ತಿದ್ದಳು. ಮಗು ಮೇಜಿನಡಿ ಬೆನ್ನು ತಿರುಗಿಸಿ ಕುಳಿತು ಅಂಗಿಯ ಗುಂಡಿಗಳನ್ನು ಜೋಡಿಸುತ್ತಿತ್ತು.

"ನಿನ್ನೆ ನಾನು ಕೊಟ್ಟ ಕಾಗದ ತಪ್ಪು ಕಣಮ್ಮ," ಎಂದರು ಕಿವಿಯಕ್ಕ, ಆಕೆಯ ಕಿವಿಯ ಬಳಿ ಬಗ್ಗಿ. "ತಪ್ಪು ನಂದು, ಮಗುದಲ್ಲ. ಇವತ್ತೇ ಇನ್ನೊಂದ್ಸಲ ನೋಡ್ಬೇಕು."

ಆಕೆ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು. "ಆ ಕಾಗದ ನಂಬಿ ಬೆಳಗ್ಗೆ ಇವಳಿಗೆ ಹೊಡೆದೆ ಮೇಡಂ. ನಾಲ್ಕು ಸಲ ಕರೆದೆ, ಬರ್ಲಿಲ್ಲ. ಕೇಳ್ಸಿದ್ರೂ ಕೇಳ್ಸದ ಹಾಗೆ ಮಾಡ್ತಾಳೆ ಅಂತ ಬೆನ್ನಿಗೆ ಒಂದು ಕೊಟ್ಟೆ."

ಆ ಪೆಟ್ಟು ತಮಗೇ ಬಿದ್ದಂತೆ ಕಿವಿಯಕ್ಕ ನಿಂತರು. ಆಕೆ ಬಾಯಿಗೆ ಬಂದಂತೆ ಬೈಯಬಹುದಿತ್ತು, ಆ ಹಕ್ಕು ಆಕೆಗಿತ್ತು. ಬೈಯಲಿಲ್ಲ. ಮಾಲೀಕನಿಗೆ ಒಂದು ಗಂಟೆ ಬರುವುದಿಲ್ಲವೆಂದು ಹೇಳಿ, ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು, "ನಡೀರಿ," ಎಂದಳು. ದಾರಿಯುದ್ದಕ್ಕೂ ಕಿವಿಯಕ್ಕ ಅದಕ್ಕೇ ಋಣಿಯಾಗಿದ್ದರು.

ಮಗು ಅದೇ ಕುರ್ಚಿಯಲ್ಲಿ ಕುಳಿತು ಮಣಿಯನ್ನು ಕೆನ್ನೆಗೆ ಹಿಡಿದು ಕಾಯಿತು. ಕಿವಿಯಕ್ಕ ಸಣ್ಣ ಸದ್ದು ಕೊಟ್ಟರು. ಮಗು ಕಾಯುತ್ತಲೇ ಇತ್ತು. ಏರಿಸಿದರು. ಮಗು ಕಾಯುತ್ತಲೇ ಇತ್ತು. ನಾವು ನೀವು ಮಾತಾಡುವ ಸದ್ದಿನ ಮಟ್ಟವನ್ನೂ ದಾಟಿ ಏರಿಸಿದರು. ಗಾಜಿನ ಈಚೆ ನಿಂತ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಆಮೇಲೆ ಒಂದು ಹಂತದಲ್ಲಿ ಮಗುವಿನ ಹುಬ್ಬು ಮೇಲೇರಿತು, ಮಣಿ ಡಬ್ಬಕ್ಕೆ ಬಿತ್ತು. ಕಿವಿಯಕ್ಕ ಮೂರು ಸಲ ನೋಡಿದರು. ಮೂರು ಸಲವೂ ಅಲ್ಲೇ.

"ಇಬ್ಬರು ಮಾತಾಡೋದು ಇವಳಿಗೆ ಕೇಳ್ಸಲ್ಲ. ಕಿವಿಗೆ ಯಂತ್ರ ಹಾಕಿದ್ರೆ ಕೇಳ್ಸುತ್ತೆ, ಮಾತೂ ಬರುತ್ತೆ. ಹೊತ್ತು ಮೀರಿಲ್ಲ," ಎಂದರು.

ತಾಯಿ ಒಳಗೆ ಹೋಗಿ ಮಗಳ ತಲೆ ಸವರಿದಳು. ಆಮೇಲೆ ಹೆಡ್‌ಫೋನನ್ನು ತೋರಿಸಿ, "ಇವಳಿಗೆ ಕೇಳ್ಸಿದ ಸದ್ದು ನಾನೂ ಕೇಳ್ಬಹುದಾ?" ಎಂದಳು.

ಕಿವಿಯಕ್ಕ ಹಾಕಿದರು. ಸದ್ದು ಬಂದದ್ದೇ ತಡ, ಆಕೆ ಬೆಚ್ಚಿ ಎರಡೂ ಕೈಯಲ್ಲಿ ಹೆಡ್‌ಫೋನನ್ನು ಕಿತ್ತು ತೆಗೆದಳು.

"ಇಷ್ಟು ಜೋರಾ?"

"ಇದು ಅವಳಿಗೆ ಪಿಸುಮಾತು."

"ಹಾಗಾದ್ರೆ ಈ ಮೂರು ತಿಂಗಳು ನಾನು ಕರೆದದ್ದು..."

"ಒಂದೂ ಅವಳಿಗೆ ಮುಟ್ಟಿಲ್ಲಮ್ಮ."

ತಾಯಿ ಮಗಳ ಮುಂದೆ ಮಂಡಿಯೂರಿ ಕುಳಿತು, ಬೆಳಗ್ಗೆ ಹೊಡೆದ ಬೆನ್ನಿನ ಮೇಲೆ ಕೈಯಾಡಿಸಿದಳು. ಮಗು ಅವಳ ಮುಖ ನೋಡಿ, ಏನೆಂದು ತಿಳಿಯದೆ ನಕ್ಕಿತು. ತಾಯಿಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮುಖ ಮಾತ್ರ ನಿನ್ನೆ ಅರಳಬೇಕಾಗಿದ್ದ ಹಾಗೆ ಅರಳಿತ್ತು.

"ಇವಳಿಗೆ ನನ್ನ ಮೇಲೆ ಸಿಟ್ಟಿಲ್ಲ ಮೇಡಂ," ಎಂದಳು. "ನಿಮ್ಮಿಂದ ದೊಡ್ಡ ಉಪಕಾರ ಆಯ್ತು. ನನ್ನ ಮಗಳಿಗೆ ನನ್ನ ಮೇಲೆ ಸಿಟ್ಟೇ ಇರ್ಲಿಲ್ಲ."

ಕಿವಿ ಮಂದವೆಂದು ಹೇಳಿದ್ದಕ್ಕೆ ಇಪ್ಪತ್ತಾರು ವರ್ಷದಲ್ಲಿ ಯಾರೂ ಕಿವಿಯಕ್ಕನ ಉಪಕಾರ ನೆನೆದಿರಲಿಲ್ಲ.